ಸುಗ್ಗಿ, ಬೀಗ ಮತ್ತು ನಮ್ಮ ಕೆಂಪು ಪೆನ್ನು

ಮೊನ್ನೆ ಭಾನುವಾರ ಅಟ್ಟದ ಮೇಲಿದ್ದ ಟ್ರಂಕು ಇಳಿಸಿ ಹಳೆಯ ಕಾಗದಪತ್ರ ವಿಂಗಡಿಸುತ್ತಾ ಕೂತಿದ್ದೆವು. ಹಳೆಯ ಹಾಜರಿ ಪಟ್ಟಿಗಳು, ಟ್ರೇನಿಂಗಿನಲ್ಲಿ ಕೊಟ್ಟ ಫೈಲುಗಳು, ಇಲಿ ತಿಂದ ಪ್ರಶ್ನೆಪತ್ರಿಕೆಗಳು... ಮೇಷ್ಟ್ರ ಟ್ರಂಕಿನಲ್ಲಿ ಇನ್ನೇನು ಇರುತ್ತದೆ ಹೇಳಿ. "ತೂಕಕ್ಕೆ ಹಾಕೋದು ಈ ಕಡೆ, ಇಟ್ಕೊಳ್ಳೋದು ಆ ಕಡೆ" ಅಂತ ಮನೆಯಿಂದ ಕಟ್ಟಪ್ಪಣೆ ಆಗಿತ್ತು. ಎರಡು ಗುಡ್ಡೆಯಲ್ಲಿ ಯಾವುದಕ್ಕೂ ಸೇರದೆ ಒಂದು ನೂರು ಪುಟದ ನೋಟ್‌ಬುಕ್ ಮಾತ್ರ ಕೈಯಲ್ಲೇ ಉಳಿಯಿತು. ತೆಲುಗು ಪೇಪರಿನ ರಟ್ಟು, ಒಳಗೆ ಗುಂಡಗಿನ ಕನ್ನಡ ಅಕ್ಷರ. ಎಂಟನೇ ಕ್ಲಾಸಿನ ಒಬ್ಬ ಹುಡುಗಿಯದು, 2018ರದ್ದು. ಅದನ್ನು ತೂಕಕ್ಕೂ ಹಾಕಲಿಲ್ಲ, ಇಟ್ಟುಕೊಳ್ಳಲಿಕ್ಕೂ ಒಂಥರಾ ನಾಚಿಕೆ ಆಯಿತು. ಯಾಕೆ ಅಂತ ಹೇಳುವುದೇ ಇವತ್ತಿನ ಮಾತು.

ಹಾಂ, ಅದಕ್ಕೂ ಮುಂಚೆ ಒಂದು ವಿಷಯ. 'ನಾವು, ನಾವು' ಅಂತ ಬರೆಯುತ್ತೀರಲ್ಲ, ನೀವು ಎಷ್ಟು ಜನ ಅಂತ ಒಬ್ಬ ಸ್ನೇಹಿತರು ಕೇಳಿದ್ದರು. ಇರುವುದು ಒಬ್ಬರೇ ಸ್ವಾಮಿ. ತೆಲುಗು ಸ್ಟಾಫ್ ರೂಮಿನಲ್ಲಿ ಕನ್ನಡ ಪುಸ್ತಕ ಹಿಡಿದು ಕೂರುವವರು ಒಬ್ಬರೇ ಆದ್ದರಿಂದ, ಬರವಣಿಗೆಯಲ್ಲಾದರೂ ಒಂದಿಬ್ಬರು ಜೊತೆಗಿರಲಿ ಅಂತ ಈ ಅಭ್ಯಾಸ.

ವಿಷಯಕ್ಕೆ ಬರೋಣ. ನಾವಿರುವುದು ಮಂತ್ರಾಲಯದ ಹತ್ತಿರ. ಹೊಳೆಯ ಆ ಕಡೆ ರಾಯಚೂರು ಜಿಲ್ಲೆ, ಕರ್ನಾಟಕ. ಈ ಕಡೆ ಕರ್ನೂಲು ಜಿಲ್ಲೆ, ಆಂಧ್ರ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಹಳೆಯ ಬಳ್ಳಾರಿ ಜಿಲ್ಲೆಯನ್ನು ಹೋಳು ಮಾಡಿದರು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪದ ಕಡೆ ಮೈಸೂರಿಗೆ ಹೋಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಬಸ್ಸಿನಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ರಾಯರ ದರ್ಶನಕ್ಕೆ ಬೆಂಗಳೂರಿನಿಂದ ಬರುವವರು ನಮ್ಮ ಮಾತು ಕೇಳಿ "ಅರೆ, ನಿಮಗೆ ಕನ್ನಡ ಬರುತ್ತಾ!" ಅಂತ ಖುಷಿಪಡುತ್ತಾರೆ. ಅವರ ಖುಷಿ ಕೆಡಿಸಬಾರದು ಅಂತ ನಾವೂ "ಸ್ವಲ್ಪ ಸ್ವಲ್ಪ" ಅಂದು ನಕ್ಕು ಬಿಡುತ್ತೇವೆ.

ಆ ವರ್ಷ ಅಕ್ಟೋಬರಿನಲ್ಲಿ ಎಂಟನೇ ಕ್ಲಾಸಿಗೆ ಪ್ರಬಂಧ ಕೊಟ್ಟಿದ್ದೆವು. ವಿಷಯ 'ಸುಗ್ಗಿಯ ಸಂಭ್ರಮ'. ಕನ್ನಡ ಮೇಷ್ಟ್ರುಗಳು ತಲೆಮಾರಿನಿಂದ ಕೊಡುತ್ತಾ ಬಂದಿರುವ ವಿಷಯ. ನಮಗೂ ನಮ್ಮ ಮೇಷ್ಟ್ರು ಕೊಟ್ಟಿದ್ದರು. ಮಕ್ಕಳೂ ಗೈಡು ನೋಡಿ ಹಾಗೇ ಬರೆದಿದ್ದರು. ಕಣದಲ್ಲಿ ರಾಶಿ ಪೂಜೆ, ಎಳ್ಳು ಬೆಲ್ಲ ಹಂಚುವುದು, ದನಗಳಿಗೆ ಕಿಚ್ಚು ಹಾಯಿಸುವುದು. ನಮ್ಮ ಊರಲ್ಲಿ ಕಿಚ್ಚು ಹಾಯಿಸಿದ್ದನ್ನು ನಾವಂತೂ ನೋಡಿಲ್ಲ, ಮಕ್ಕಳೂ ನೋಡಿಲ್ಲ. ಆದರೂ ಎಲ್ಲರ ಪುಸ್ತಕದಲ್ಲೂ ಎತ್ತುಗಳು ಬೆಂಕಿ ದಾಟಿದ್ದವು. ಎಲ್ಲರಿಗೂ ಹತ್ತಕ್ಕೆ ಏಳು, ಎಂಟು ಹಾಕಿದೆವು.

ಈ ಹುಡುಗಿ ಮಾತ್ರ ಐದೇ ಸಾಲು ಬರೆದಿದ್ದಳು. ಕಾಗುಣಿತ ತಿದ್ದಿ ಇಲ್ಲಿ ಕೊಡುತ್ತಿದ್ದೇವೆ:

"ಸುಗ್ಗಿ ಬಂದರೆ ನಮ್ಮ ಓಣಿಯಲ್ಲಿ ಎಲ್ಲರೂ ಮನೆಗೆ ಬೀಗ ಹಾಕುತ್ತಾರೆ. ಅಪ್ಪ ಅವ್ವ ತಮ್ಮ ಲಾರಿ ಹತ್ತುತ್ತಾರೆ. ನಾನು ಮತ್ತು ಅಜ್ಜಿ ಇರುತ್ತೇವೆ. ಅಜ್ಜಿಗೆ ಕಿವಿ ಕೇಳುವುದಿಲ್ಲ. ರಾತ್ರಿ ನಾಯಿ ಬೊಗಳಿದರೆ ಯಾರೋ ಬಂದರು ಎಂದು ಏಳುತ್ತೇನೆ, ಯಾರೂ ಬಂದಿರುವುದಿಲ್ಲ."

ಕೆಳಗೆ ಕೆಂಪು ಪೆನ್ನಿನಲ್ಲಿ ನಮ್ಮ ಅಕ್ಷರ: 'ವಿಷಯಕ್ಕೆ ಸಂಬಂಧವಿಲ್ಲ. ವಿಸ್ತರಿಸಿ ಬರೆಯಬೇಕು. 2/10.'

ಹೊರಗಿನವರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಸುಗ್ಗಿ ಅಂದರೆ ಏನು? ಫಸಲು ಮನೆಗೆ ಬರುವ ಕಾಲ. ಪದ್ಯಗಳಲ್ಲಿ, ಸಿನಿಮಾದಲ್ಲಿ, ಶಾಲೆಯ ಗ್ಯಾದರಿಂಗಿನ ಕುಣಿತದಲ್ಲಿ ಸುಗ್ಗಿ ಅಂದರೆ ಹಿಗ್ಗು. ನಮ್ಮ ಕಡೆ ಮಂತ್ರಾಲಯ, ಕೋಸಿಗಿ, ಕೌತಾಳಂ ಸುತ್ತ ಅದೇ ಮಾತಿಗೆ ಬೇರೆ ಅರ್ಥ ಬಂದು ಕೂತಿದೆ. ಇಲ್ಲಿ 'ಸುಗ್ಗಿಗೆ ಹೋದರು' ಅಂದರೆ ಗುಳೆ ಹೋದರು ಅಂತ. ತೆಲುಗಿನವರೂ ಅದೇ ಮಾತು ಬಳಸುತ್ತಾರೆ. ಮಳೆ ನಂಬಿದ ಹೊಲ ನಮ್ಮವು. ಹತ್ತಿಯೋ ಶೇಂಗಾವೋ ಇದ್ದಷ್ಟು ಮುಗಿದ ಮೇಲೆ, ದೀಪಾವಳಿ ದಾಟಿದ ಮೇಲೆ, ಜನ ಗುಂಟೂರಿನ ಕಡೆ ಹೊರಡುತ್ತಾರೆ. ಅಲ್ಲಿ ಹತ್ತಿ ಬಿಡಿಸುವುದು, ಆಮೇಲೆ ಮೆಣಸಿನಕಾಯಿ ಬಿಡಿಸುವುದು. ಮತ್ತೆ ಕೆಲವರು ಹೈದರಾಬಾದು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಫಸಲು ಬರುವುದು ಯಾರದೋ ಮನೆಗೆ, ಬೀಗ ಬೀಳುವುದು ನಮ್ಮ ಮನೆಗೆ. ಯುಗಾದಿ ಹೊತ್ತಿಗೆ ತಿರುಗಿ ಬರುತ್ತಾರೆ. ಅಲ್ಲಿಯವರೆಗೆ ಓಣಿಯಲ್ಲಿ ಮುದುಕರು, ಮಕ್ಕಳು, ನಾಯಿಗಳು.

ಇದೆಲ್ಲ ನಮಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು! ಪ್ರತಿವರ್ಷ ನವೆಂಬರಿನಿಂದ ಹಾಜರಿ ಪಟ್ಟಿಯಲ್ಲಿ ಆಬ್ಸೆಂಟ್ ಗೀಚುವವರು ನಾವೇ. ಆದರೂ 'ವಿಷಯಕ್ಕೆ ಸಂಬಂಧವಿಲ್ಲ' ಅಂತ ಬರೆದೆವು. ಹೊಲದ ಸುಗ್ಗಿ ಒಂದು, ಪಾಠದ ಸುಗ್ಗಿ ಒಂದು ಅಂತ ತಲೆಯಲ್ಲಿ ಎರಡು ಖಾನೆ ಮಾಡಿಕೊಂಡಿದ್ದೆವು ಅಂತ ಕಾಣುತ್ತದೆ.

ತಮಾಷೆ ಏನೆಂದರೆ ಅದೇ ವಾರ ನಾವು ರಾತ್ರಿ ಹನ್ನೊಂದರವರೆಗೆ ಕೂತು ಒಂದು ಭಾಷಣ ತಯಾರು ಮಾಡುತ್ತಿದ್ದೆವು. ರಾಜ್ಯೋತ್ಸವಕ್ಕೆ ಆದೋನಿಯಲ್ಲಿ ಒಂದು ಸಣ್ಣ ಕೂಟ. ನಮಗೆ ಕೊಟ್ಟ ವಿಷಯ 'ಕನ್ನಡ ಸಾಹಿತ್ಯದಲ್ಲಿ ಒಂಟಿತನ'. ಎಷ್ಟು ದಿನದಿಂದ ಯಾರಾದರೂ ಕೇಳಲಿ ಅಂತ ಕಾದಿದ್ದೆವೋ ಏನೋ, ಇಪ್ಪತ್ತು ಪುಟ ಟಿಪ್ಪಣಿ ಆಯಿತು.

ಟಿಪ್ಪಣಿ ಶುರುವಾದದ್ದು ರನ್ನನ ಗದಾಯುದ್ಧದಿಂದ. ಹತ್ತನೇ ಶತಮಾನದ ಕವಿ. ಒಂಟಿತನ ಹೊಸ ಕಾಲದ ಕಾಯಿಲೆ, ಪಟ್ಟಣದ್ದು, ಇಂಗ್ಲಿಷಿನಿಂದ ಬಂದದ್ದು ಅನ್ನುವವರಿಗೆ ನಾವು ಮೊದಲು ತೋರಿಸುವುದು ಆ ದುರ್ಯೋಧನನನ್ನು. ಹನ್ನೊಂದು ಅಕ್ಷೋಹಿಣಿ ಸೈನ್ಯದ ಒಡೆಯ, ಈಗ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಾ ನಡೆಯುತ್ತಾನೆ. ಜೊತೆಗೆ ಸಂಜಯ ಇದ್ದಾನೆ, ಆದರೂ ದುರ್ಯೋಧನ ಒಬ್ಬನೇ. ದ್ರೋಣನ ಹತ್ತಿರ ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹತ್ತಿರ ನಿಂತು ಮೆಚ್ಚಿ ಕೈಮುಗಿಯುತ್ತಾನೆ. ತನ್ನ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಕೊನೆಗೆ ಕರ್ಣ. ಒಬ್ಬೊಬ್ಬರ ಮುಂದೂ ನಿಂತು ಮಾತಾಡುತ್ತಾನೆ. ಕರ್ಣನ ಮುಂದೆ ಅವನು ಆಡುವ ಮಾತು ಓದುವಾಗ ಇವನೇ ಖಳನಾಯಕ ಅನ್ನುವುದು ಮರೆತುಹೋಗುತ್ತದೆ. ನಮಗೆ ಪ್ರತಿ ಸಲವೂ ಮರೆತಿದೆ.

ಆಮೇಲೆ ಅಕ್ಕಮಹಾದೇವಿ. ಶಿವಮೊಗ್ಗ ಕಡೆಯ ಉಡುತಡಿಯ ಹೆಣ್ಣುಮಗಳು, ಹನ್ನೆರಡನೇ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು, ಅಲ್ಲಿಂದ ಶ್ರೀಶೈಲಕ್ಕೆ ನಡೆದವಳು. ಶ್ರೀಶೈಲ ಮೊನ್ನೆಮೊನ್ನೆಯವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು. 2022ರ ಏಪ್ರಿಲ್‌ನಲ್ಲಿ ಹೊಸ ಜಿಲ್ಲೆಗಳಾದಾಗ ನಂದ್ಯಾಲಕ್ಕೆ ಹೋಯಿತು. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಸಾವಿರಾರು ಜನ ಕಂಬಿ ಹೊತ್ತು, ಮಲ್ಲಯ್ಯನ ಹೆಸರು ಹೇಳುತ್ತಾ ನಲ್ಲಮಲ ಕಾಡು ದಾಟಿ ಹೋಗುತ್ತಾರೆ. ದಾರಿಯುದ್ದಕ್ಕೂ ಮಜ್ಜಿಗೆ, ಊಟ, ಕಾಲಿಗೆ ಎಣ್ಣೆ. ಅಷ್ಟು ಜನ ಗುಂಪಾಗಿ ಹೋಗುವ ಬೆಟ್ಟಕ್ಕೆ ಅವಳು ಒಬ್ಬಳೇ ಹೋದಳು. ಹೋಗುತ್ತಾ ಗಿಳಿಯನ್ನು, ಕೋಗಿಲೆಯನ್ನು, ದುಂಬಿಯನ್ನು, ಹಂಸವನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದಳು, ನನ್ನವನನ್ನು ಕಂಡಿರಾ ಅಂತ. ಆ ವಚನ ನೀವೆಲ್ಲ ಹಾಡಿನಲ್ಲಿ ಕೇಳಿರುತ್ತೀರಿ.

ವಿಜಯದಾಸರನ್ನೂ ಸೇರಿಸಿಕೊಂಡೆವು, ಹತ್ತಿರದವರು ಅನ್ನುವ ಅಭಿಮಾನಕ್ಕೆ. ಹುಟ್ಟಿದ್ದು ಹೊಳೆಯಾಚೆ ಮಾನ್ವಿ ಕಡೆಯ ಚೀಕಲಪರವಿಯಲ್ಲಿ, 1755ರಲ್ಲಿ ತೀರಿಕೊಂಡದ್ದು ನಮ್ಮ ಕರ್ನೂಲು ಜಿಲ್ಲೆಯ ಚಿಪ್ಪಗಿರಿಯಲ್ಲಿ. ದಾಸರ ಪದಗಳಲ್ಲಿ ಎಷ್ಟೊಂದು ಭಾಗ 'ನನಗೆ ಯಾರೂ ಇಲ್ಲ' ಅನ್ನುವ ಮೊರೆ ನೋಡಿ. ಯಾರೂ ಇಲ್ಲ ಅಂತ ಹೇಳುವುದಕ್ಕೆ ಒಬ್ಬ ವಿಠಲ ಇದ್ದೇ ಇರುತ್ತಾನೆ.

ಇಷ್ಟು ಬರೆದ ಮೇಲೆ ನಮಗೊಂದು ಹೊಳೆಯಿತು. ನಮ್ಮ ಹಳೆಯ ಸಾಹಿತ್ಯದಲ್ಲಿ ಒಂಟಿಯಾದವರು ಯಾರೂ ಬಾಯಿ ಮುಚ್ಚಿ ಕೂತಿಲ್ಲ. ಹೆಣದ ಹತ್ತಿರವೋ ಹಕ್ಕಿಯ ಹತ್ತಿರವೋ ದೇವರ ಹತ್ತಿರವೋ ಮಾತಾಡುತ್ತಲೇ ಇದ್ದಾರೆ. ಮಾತು ನಿಂತದ್ದು ನವ್ಯದವರ ಕಾಲಕ್ಕೆ. 1965ರಲ್ಲಿ ಬಂದ ಅನಂತಮೂರ್ತಿಯವರ ಸಂಸ್ಕಾರದಲ್ಲಿ ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ಎಲ್ಲಿಗೋ ನಡೆಯುತ್ತಾರೆ. ಹಿಂದೆಯೇ ಪುಟ್ಟ ಅನ್ನುವವನು ಗಂಟುಬೀಳುತ್ತಾನೆ. ಒಗಟು ಹೇಳುತ್ತಾನೆ, ಹರಟುತ್ತಾನೆ, ಜಾತ್ರೆಗೆ ಕರೆದುಕೊಂಡು ಹೋಗುತ್ತಾನೆ, ಬಿಡುವುದೇ ಇಲ್ಲ. ಜೊತೆಗೆ ಜನ ಇದ್ದಷ್ಟೂ ಆಚಾರ್ಯರು ಒಂಟಿಯಾಗುತ್ತಾ ಹೋಗುತ್ತಾರೆ. ಯಶವಂತ ಚಿತ್ತಾಲರ ಶಿಕಾರಿಯಲ್ಲಿ, ಅದು 1979ರದ್ದು, ಮುಂಬಯಿಯ ಕಂಪನಿಯಲ್ಲಿ ಕೆಲಸಕ್ಕಿರುವ ನಾಗಪ್ಪನಿಗೆ ಅಮಾನತಿನ ಕಾಗದ ಬರುತ್ತದೆ. ಅಲ್ಲಿಂದ ಮುಂದೆ ಯಾರು ಸ್ನೇಹಿತ, ಯಾರು ಬೇಟೆಗಾರ ಅಂತಲೇ ಗೊತ್ತಾಗುವುದಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಅವನಿಗೆ ಹೇಳಿಕೊಳ್ಳಲು ಒಂದು ಗಿಳಿಯೂ ಇಲ್ಲ. ನಮಗೆ ಶಿಕಾರಿ ತುಂಬ ಇಷ್ಟದ ಕಾದಂಬರಿ ಅಂತೇನಲ್ಲ, ಓದುವಾಗ ಉಸಿರು ಕಟ್ಟುತ್ತದೆ. ಆದರೆ ಆ ಉಸಿರು ಕಟ್ಟುವುದು ಸುಳ್ಳಲ್ಲ.

ರಷ್ಯಾದ ಚೆಕಾಫನ ಒಂದು ಕಥೆಯನ್ನೂ ಬರೆದುಕೊಂಡೆವು, 1886ರದ್ದು. ಇಯೋನ ಅನ್ನುವ ಮುದುಕ ಗಾಡಿ ಹೊಡೆಯುವವನು. ಮಗ ಸತ್ತು ಒಂದು ವಾರ ಆಗುತ್ತಾ ಬಂದಿದೆ. ಗಾಡಿ ಹತ್ತಿದವರಿಗೆಲ್ಲ ಹೇಳಲು ನೋಡುತ್ತಾನೆ, ಯಾರಿಗೂ ಕೇಳುವ ಪುರಸೊತ್ತಿಲ್ಲ. ರಾತ್ರಿ ಲಾಯಕ್ಕೆ ಹೋಗಿ ಕುದುರೆಗೆ ಹೇಳಿಕೊಳ್ಳುತ್ತಾನೆ. ಕುದುರೆ ಮೇವು ಮೆಲ್ಲುತ್ತಾ ಕೇಳುತ್ತದೆ. ಅಷ್ಟೇ ಕಥೆ.

ಕೊನೆಗೆ ನಮ್ಮ ವೃತ್ತಿಬಾಂಧವರೊಬ್ಬರು. ಕುಂ. ವೀರಭದ್ರಪ್ಪನವರು ಬಳ್ಳಾರಿ ಸೀಮೆಯ ಕೊಟ್ಟೂರಿನವರು. ನಮ್ಮ ಹಾಗೇ ಗಡಿಯ ಈಚೆ, ಕರ್ನೂಲು ಜಿಲ್ಲೆಯ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದವರು. ಅವರು ಹುಟ್ಟಿದ್ದು 1953ರ ಅಕ್ಟೋಬರ್ 1, ಅಂದರೆ ಆದೋನಿ ಆಲೂರುಗಳು ಆಂಧ್ರಕ್ಕೆ ಸೇರಿದ ದಿನವೇ! ಆ ದಿನ ಹುಟ್ಟಿದ ಹುಡುಗ ದೊಡ್ಡವನಾಗಿ ಆ ಗೆರೆ ದಾಟಿ ಬಂದು ಇಲ್ಲಿಯ ಮಕ್ಕಳಿಗೆ ಅಕ್ಷರ ಕಲಿಸಿದ್ದು ನಮಗಂತೂ ಸಣ್ಣ ಸಂಗತಿ ಅಲ್ಲ. ಅರಮನೆ ಕಾದಂಬರಿಗೆ ಅವರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಾಂಧಿ ಕ್ಲಾಸು ಅವರ ಆತ್ಮಕಥೆ. ಅವರ ಪುಸ್ತಕಗಳಲ್ಲಿ ಒಂಟಿತನ ಎಲ್ಲಿದೆ ಅಂತ ಕೇಳಬಹುದು. ಪುಟ ತುಂಬ ಜನ, ಗಲಾಟೆ, ಬೈಗುಳ, ನಗು. ನಮಗನ್ನಿಸುವುದು, ಕುಗ್ರಾಮದಲ್ಲಿ ಚಿಮಣಿ ದೀಪದ ಮುಂದೆ ಕೂತ ಪರಊರಿನ ಮೇಷ್ಟ್ರಿಗೆ ಒಂಟಿತನ ಕಳೆಯಲು ಒಂದು ಊರನ್ನೇ ಬರೆದು ಪಕ್ಕಕ್ಕೆ ಕೂರಿಸಿಕೊಳ್ಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಇದು ನಮ್ಮ ಊಹೆ. ಅವರು ಕೇಳಿದರೆ ಜೋರಾಗಿ ನಕ್ಕುಬಿಟ್ಟಾರು.

ಭಾಷಣ ಚೆನ್ನಾಗಿಯೇ ಆಯಿತು. ಅಂದರೆ ನಮಗೆ ಹಾಗನ್ನಿಸಿತು. ಇಪ್ಪತ್ತೈದು ಮೂವತ್ತು ಜನ, ಅರ್ಧ ನಿವೃತ್ತರು. ಒಂಟಿತನ ಬೇರೆ, ಏಕಾಂತ ಬೇರೆ, ಒಂದು ಬಯಸದೆ ಬಂದದ್ದು, ಇನ್ನೊಂದು ಬಯಸಿ ಪಡೆದದ್ದು ಅಂತ ಹೇಳಿದಾಗ ಚಪ್ಪಾಳೆಯೂ ಬಿತ್ತು. (ಕ್ಲಾಸಿನಲ್ಲಿ ಒಮ್ಮೆ ಏಕಾಂತ ಅಂದರೇನು ಅಂತ ಕೇಳಿದಾಗ ಒಬ್ಬ ಹುಡುಗ "ರಾತ್ರಿ ಗುಡಿ ಬಾಗ್ಲು ಹಾಕೋದು ಸಾರ್" ಅಂದಿದ್ದ. ಏಕಾಂತ ಸೇವೆ ನೋಡಿ ಬೆಳೆದ ಹುಡುಗ. ಅದನ್ನೂ ಹೇಳಿ ನಗಿಸಿದೆವು.) ಕೊನೆಯಲ್ಲಿ ಹತ್ತಿ ಅಂಗಡಿಯಲ್ಲಿ ಲೆಕ್ಕ ಬರೆದು ನಿವೃತ್ತರಾದ ಒಬ್ಬ ಹಿರಿಯರು ಎದ್ದು ನಿಂತರು.

"ಎಲ್ಲಾ ಚಲೋ ಹೇಳಿದ್ರಿ ಮೇಷ್ಟ್ರೇ. ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ್ರಿ. ಈ ಒಂಟಿತನ ಅನ್ನೋದು ಬರೆಯಾಕ ಬರೋರಿಗೆ ಮಾತ್ರ ಇರ್ತೈತಾ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. "ಇಲ್ಲ ಸಾರ್, ಬರೆಯಕ್ಕೆ ಬಾರದವರ ಪರವಾಗಿ ಕವಿ ಬರೀತಾನೆ" ಅಂತ ಏನೋ ಜಾಣತನದ ಉತ್ತರ ಕೊಟ್ಟು, ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ಹೊರಟೆವು.

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ದಾರಿಯಲ್ಲಿ ಎದುರಿಗೆ ಎರಡು ಲಾರಿ ಬಂದವು. ಹಿಂದೆ ತುಂಬ ಜನ, ಪಾತ್ರೆ ಪಡಗ, ಜೋಳದ ಚೀಲ, ಕಟ್ಟಿಗೆ, ಒಂದೆರಡು ಕೋಳಿ. ಸುಗ್ಗಿಗೆ ಹೊರಟವರು. ಮೇಲೆ ಕೂತ ಒಂದು ಚಿಕ್ಕ ಹುಡುಗ ಬಸ್ಸಿನ ಕಡೆ ಕೈ ಬೀಸಿದ. ಆಗ ನೆನಪಾಯಿತು, ಕೈಚೀಲದಲ್ಲಿ ಭಾಷಣದ ಟಿಪ್ಪಣಿಯ ಜೊತೆಗೇ ಎಂಟನೇ ಕ್ಲಾಸಿನ ಪ್ರಬಂಧದ ಪುಸ್ತಕಗಳಿವೆ ಅಂತ. ನಾಳೆ ವಾಪಸ್ ಕೊಡಬೇಕಾದವು. ತೆಗೆದು ನೋಡಿದೆವು. ಅಜ್ಜಿಗೆ ಕಿವಿ ಕೇಳುವುದಿಲ್ಲ. ರಾತ್ರಿ ನಾಯಿ ಬೊಗಳಿದರೆ ಯಾರೋ ಬಂದರು ಎಂದು ಏಳುತ್ತೇನೆ...

ಇಪ್ಪತ್ತು ಪುಟ ಟಿಪ್ಪಣಿಯಲ್ಲಿ ಇದಕ್ಕೆ ಸಮ ಅನ್ನಿಸುವ ಒಂದು ಸಾಲೂ ನಮ್ಮದು ಅಂತ ಇರಲಿಲ್ಲ. ಲೆಕ್ಕ ಬರೆಯುವ ಹಿರಿಯರು ಕೇಳಿದ್ದಕ್ಕೆ ಉತ್ತರ ಆ ಹೊತ್ತಿಗೆ ನಮ್ಮ ಕಂಕುಳಲ್ಲೇ ಇತ್ತು. ಬರೆಯಲು ಬಂದವಳೇ ಬರೆದಿದ್ದಾಳೆ, ಓದಲು ಬಂದವರಿಗೆ ಓದಲು ಬಂದಿಲ್ಲ.

ಮಂತ್ರಾಲಯದಲ್ಲಿ ಇಳಿದು ಮನೆಗೆ ಹೋಗದೆ ಹೊಳೆ ದಂಡೆಗೆ ಹೋಗಿ ಕೂತೆವು. ಕೂತಾಗ ಅಲ್ಲಿಯ ಎಲ್ಲರಿಗೂ ಗೊತ್ತಿರುವ ಒಂದು ಕಥೆ ನೆನಪಿಗೆ ಬಂತು, ಭಾಷಣದಲ್ಲಿ ಹೇಳಲು ಮರೆತೇ ಹೋಗಿದ್ದದ್ದು. ಮನೆ ಮುಂದಿನ ಗುಡಿಗೆ ಮನುಷ್ಯ ಕೈ ಮುಗಿಯುವುದಿಲ್ಲ ಅನ್ನುವ ಹಾಗೆ.

ಹೊಳೆಯಾಚೆ ಬಿಚ್ಚಾಲಿ. ಅಲ್ಲಿಯ ಅಪ್ಪಣಾಚಾರ್ಯರು ರಾಯರ ಶಿಷ್ಯರು. ರಾಯರು ಅವರ ಹತ್ತಿರವೇ ಎಷ್ಟೋ ವರ್ಷ ಇದ್ದರಂತೆ. 1671ರ ಶ್ರಾವಣದಲ್ಲಿ ರಾಯರು ಬೃಂದಾವನ ಪ್ರವೇಶ ಮಾಡುವಾಗ ಅಪ್ಪಣಾಚಾರ್ಯರು ಹತ್ತಿರ ಇರಲಿಲ್ಲ. ಸುದ್ದಿ ತಿಳಿದು ಓಡಿ ಬಂದರು. ಶ್ರಾವಣದ ತುಂಗಭದ್ರೆ, ತುಂಬಿ ಹರಿಯುವ ಕಾಲ. ಸ್ತೋತ್ರ ಹೇಳುತ್ತಲೇ ಪ್ರವಾಹಕ್ಕೆ ಬಿದ್ದು ಈಚೆ ದಡಕ್ಕೆ ಬಂದರು ಅಂತ ಐತಿಹ್ಯ. ಬರುವಷ್ಟರಲ್ಲಿ ಕೊನೆಯ ಕಲ್ಲು ಮುಚ್ಚಿಯಾಗಿತ್ತು. ಸ್ತೋತ್ರದ ಕೊನೆಗೆ ಬಂದಾಗ ದುಃಖದಿಂದ ಗಂಟಲು ಕಟ್ಟಿತು, ಮುಂದಕ್ಕೆ ಬರಲಿಲ್ಲ. ಆಗ ಉಳಿದ ಏಳು ಅಕ್ಷರ ಬೃಂದಾವನದ ಒಳಗಿನಿಂದ ಕೇಳಿಬಂತು. ಇವತ್ತು ಊರೂರಲ್ಲಿ ದಿನಾ ಹೇಳುವುದು ಅದೇ ಸ್ತೋತ್ರ.

ನಂಬುವವರು ನಂಬಲಿ, ಬಿಡುವವರು ಬಿಡಲಿ. ನಾವು ಇದನ್ನು ಕಾವ್ಯದ ಕಥೆಯಾಗಿ ಓದುತ್ತೇವೆ. ಹಿಂದೆ ಉಳಿದುಹೋದವನು ಒಬ್ಬ. ಅವನ ಮಾತು ಅರ್ಧಕ್ಕೆ ನಿಂತಿದೆ. ಅದನ್ನು ಕೇಳಿಸಿಕೊಂಡ ಇನ್ನೊಬ್ಬರು ಏಳಕ್ಷರ ಸೇರಿಸುತ್ತಾರೆ. ಕಲ್ಲು ಅಡ್ಡ ಇದ್ದೇ ಇದೆ, ಅದೇನೂ ಸರಿಯಲಿಲ್ಲ. ಅಪ್ಪಣಾಚಾರ್ಯರಿಗೆ ಏಳಕ್ಷರ ಸಿಕ್ಕಿತು. ಆ ಹುಡುಗಿಗೂ ನಾವು ಒಂದಿಷ್ಟು ಅಕ್ಷರ ಸೇರಿಸಿದ್ದೆವಲ್ಲ... 'ವಿಷಯಕ್ಕೆ ಸಂಬಂಧವಿಲ್ಲ.'

ಮರುದಿನ ಅವಳ ಪುಸ್ತಕ ಕೊಡಲಿಲ್ಲ. "ನಿಂದು ಇನ್ನೂ ನೋಡಬೇಕಮ್ಮ" ಅಂತ ಸುಳ್ಳು ಹೇಳಿದೆವು. ಆ ಭಾನುವಾರ ಸೈಕಲ್ ಹತ್ತಿ ಅವಳ ಊರಿಗೆ ಹೋದೆವು. ಓಣಿಯಲ್ಲಿ ನಿಜವಾಗಿಯೂ ಸಾಲು ಬೀಗ. ಕೆಲವು ಬಾಗಿಲಿಗೆ ಅಡ್ಡಲಾಗಿ ಮುಳ್ಳಿನ ಕಂಟಿ ಇಟ್ಟಿದ್ದರು. ಅವಳ ಅಪ್ಪ ಅವ್ವ ಹೋಗಿ ನಾಲ್ಕು ದಿನ ಆಗಿತ್ತು. ಅಜ್ಜಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಜೋರಾಗಿ ಕೂಗಿ ಹೇಳಿದ ಮೇಲೆ ಯಾರು ಅಂತ ತಿಳಿಯಿತು.

"ಕುಂದ್ರು ಬಾ ನನ್ನಪ್ಪ. ಸಾಲಿ ಸಾರಾ? ಹುಡಿಗಿ ಏನರ ಮಾಡ್ಯಾಳೇನು?"

ಏನೂ ಮಾಡಿಲ್ಲ, ಚೆನ್ನಾಗಿ ಬರೀತಾಳೆ ಅಂತ ಮೂರು ಸಲ ಕೂಗಿದೆವು. ಪಕ್ಕದ ಓಣಿಗೂ ಕೇಳಿಸಿರಬೇಕು. ಹುಡುಗಿ ಬಾಗಿಲ ಹಿಂದೆ ನಿಂತು ತಲೆ ತಗ್ಗಿಸಿದಳು. ಒಳಗೆ ಮೂಲೆಯಲ್ಲಿ ಬೀಸುವ ಕಲ್ಲು ಇತ್ತು, ಮೇಲೆ ಕೊಡ ಬೋರಲು ಹಾಕಿದ್ದರು. ಈಗ ಎಲ್ಲ ಗಿರಣಿಗೇ ಅಲ್ಲವಾ. ಬೀಸುವಾಗ ಹಾಡುತ್ತಿದ್ದಿರೇನು ಅಂತ ಕೇಳಿದೆವು. ನಮ್ಮ ಹೆಣ್ಣುಮಕ್ಕಳು ತವರು ನೆನೆದು, ಅಣ್ಣತಮ್ಮಂದಿರನ್ನು ನೆನೆದು ಬೆಳಗಿನ ಜಾವ ಹಾಡಿದ ತ್ರಿಪದಿಗಳು ಕನ್ನಡದ ಒಂಟಿತನದ ಅತಿದೊಡ್ಡ ಭಂಡಾರ. ಭಾಷಣದಲ್ಲಿ ಅದಕ್ಕೆ ಕೊಟ್ಟದ್ದು ಒಂದೂವರೆ ನಿಮಿಷ.

ಅಜ್ಜಿ ನಕ್ಕರು. "ಹಾಡ್ತಿದ್ವಿ. ಮಂದಿ ಮುಂದ ಹೇಳ್ಕಂಡ್ರ ಊರೆಲ್ಲಾ ಆಗ್ತೈತಿ. ಕಲ್ಲಿನ ಮುಂದ ಹೇಳ್ಕಂಡ್ರ ಅದು ಯಾರಿಗೂ ಹೇಳಂಗಿಲ್ಲ. ಹಿಟ್ಟೂ ಆಗ್ತೈತಿ."

ಹಿಟ್ಟೂ ಆಗ್ತೈತಿ! ಇಯೋನನ ಕುದುರೆ ನೆನಪಾಯಿತು. ಆದರೆ ನಮಗೆ ಅಲ್ಲಿ ಕೂತು ಹೊಳೆದದ್ದು ಇನ್ನೊಂದು. ಅಜ್ಜಿಗೆ ಕಲ್ಲು ಇತ್ತು, ಹಾಡು ಇತ್ತು. ಮೊಮ್ಮಗಳಿಗೆ ಕಲ್ಲೂ ಇಲ್ಲ, ಹಾಡೂ ಬಾರದು. ಅವಳಿಗೆ ಇದ್ದದ್ದು ನೂರು ಪುಟದ ಆ ನೋಟ್‌ಬುಕ್ ಮಾತ್ರ. ಅದನ್ನು ಅವಳು ನಮ್ಮ ಕೈಗೆ ಕೊಟ್ಟಿದ್ದಳು.

ಅವತ್ತು ಹುಡುಗಿಗೆ ತಪ್ಪಾಯಿತು ಅಂತ ಹೇಳಬೇಕು ಅಂದುಕೊಂಡೇ ಹೋಗಿದ್ದೆವು. ಹೇಳಲಿಲ್ಲ. ಮೇಷ್ಟ್ರು ಅನ್ನುವ ಅಂಗಿ ಅಷ್ಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. "ಪ್ರಬಂಧ ಚೆನ್ನಾಗೈತಮ್ಮ. ಹಿಂಗೇ ದಿನಾ ನಾಲ್ಕು ಸಾಲು ಬರಿ" ಅಂತ ಒಂದು ಹೊಸ ನೋಟ್‌ಬುಕ್ ಕೊಟ್ಟು ಬಂದೆವು. ಬರೆದಳು. ವಾರಕ್ಕೊಮ್ಮೆ ತಂದು ಮೇಜಿನ ಮೇಲೆ ಇಟ್ಟು ಓಡಿಬಿಡುತ್ತಿದ್ದಳು. ಮೇಕೆ ಮರಿ ಹಾಕಿದ್ದು, ಅಜ್ಜಿ ರೊಟ್ಟಿ ಸುಟ್ಟುಕೊಂಡದ್ದು, ಅಪ್ಪ ಫೋನು ಮಾಡಿದಾಗ ಎಲ್ಲರೂ ಜೋರಾಗಿ ಕೂಗಿದ್ದು. ನಾವು ಕೆಂಪು ಪೆನ್ನು ಬಿಟ್ಟು ಪೆನ್ಸಿಲಿನಲ್ಲಿ ಕೆಳಗೆ ಒಂದೆರಡು ಮಾತು ಬರೆಯುತ್ತಿದ್ದೆವು. 'ಮರಿಗೆ ಏನ್ ಹೆಸರಿಟ್ಟೆ?' ಇಂಥವು. ಅಂಕ ಹಾಕಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ಮನೆಯಲ್ಲಿ ಬಿಟ್ಟುಹೋಗಲು ಯಾರೂ ಇಲ್ಲದ ಮೇಲೆ ಹುಡುಗಿಯೂ ಲಾರಿ ಹತ್ತಲೇಬೇಕಾಯಿತು. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು 2020ರ ಜನವರಿಯಲ್ಲಿ ಗುಂಟೂರಿಗೆ ಹೋದಳು. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಹೋದವರು ಅಲ್ಲಲ್ಲೇ ಸಿಕ್ಕಿಬಿದ್ದರು. ಆ ತಿಂಗಳುಗಳಲ್ಲಿ ಪೇಪರಿನಲ್ಲಿ, ಟಿವಿಯಲ್ಲಿ ಎಲ್ಲಿ ನೋಡಿದರೂ ಒಂಟಿತನದ ಮಾತು. ಮನೆಯೊಳಗೆ ಕೂತವರ ಬೇಸರ, ಬಾಲ್ಕನಿ, ಓದಬೇಕಾದ ಪುಸ್ತಕಗಳ ಪಟ್ಟಿ. ನಾವೂ ಅಂಥ ಒಂದು ಪಟ್ಟಿ ಮಾಡಿದ್ದೆವು, ಸುಳ್ಳು ಯಾಕೆ ಹೇಳಬೇಕು.

ಏಪ್ರಿಲ್‌ನಲ್ಲಿ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು. ಅವಳೇ. ಮೆಣಸಿನಕಾಯಿ ಕಲ್ಲದ ಪಕ್ಕದಲ್ಲೇ ಗುಡಿಸಲು, ನಾಲ್ಕು ಮನೆಯವರು ಇದ್ದೇವೆ, ಅಕ್ಕಿ ಕೊಟ್ಟಿದ್ದಾರೆ, ಊರಿಗೆ ಯಾವಾಗ ಬಿಡುತ್ತಾರೋ ಗೊತ್ತಿಲ್ಲ ಅಂದಳು. ಬರೀತಾ ಇದ್ದೀಯಾ ಅಂತ ಕೇಳಿದೆವು. ಆ ಹೊತ್ತಿನಲ್ಲಿ ಕೇಳುವ ಮಾತಾ ಅದು? ಆದರೆ ನಮಗೆ ಬೇರೆ ಏನೂ ತೋಚಲಿಲ್ಲ.

"ಇಲ್ರಿ ಸಾರ್. ಕೈ ಉರೀತಾವು. ಇಲ್ಲಿ ಅಳು ಬಂದ್ರೂ ಕಣ್ಣು ಒರೆಸ್ಕಳಂಗಿಲ್ರಿ, ಕೈಯಾಗ ಖಾರ ಇರ್ತೈತಿ."

ಅಂದು ನಕ್ಕಳು. ಹಿಂದಿನಿಂದ ಯಾರೋ ಫೋನು ಇಡು ಅಂತ ಕರೆದರು.

ಊರಿಗೆ ಬಂದಳು, ಮತ್ತೆ ಸ್ಕೂಲಿಗೂ ಬಂದಳು. 2021ರಲ್ಲಿ ನಮ್ಮ ರಾಜ್ಯದಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆಯೇ ನಡೆಯಲಿಲ್ಲ, ಎಲ್ಲರೂ ಪಾಸು. ಪಾಸಾದದ್ದಕ್ಕಿಂತ ಪರೀಕ್ಷೆಗೆ ಕೂರಲಿಲ್ಲ ಅನ್ನುವ ಬೇಜಾರು ಅವಳಿಗೆ ಜಾಸ್ತಿ ಇತ್ತು. ಈಗ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ. ಒಂದು ರೂಮಿನಲ್ಲಿ ಆರು ಜನ ಹುಡುಗಿಯರು, ಎರಡು ಭಾಷೆ ಬಿಹಾರ ಒಡಿಶಾ ಕಡೆಯವು. ಅವರ ಮಾತು ಇವಳಿಗೆ ಬಾರದು, ಇವಳದು ಅವರಿಗೆ ಬಾರದು. ಅಡುಗೆಯ ಪಾಳಿ ಮಾತ್ರ ಕೈಸನ್ನೆಯಲ್ಲೇ ಸರಿಯಾಗಿ ನಡೆಯುತ್ತದಂತೆ. ಬೆಂಗಳೂರಿನವರು ಅವಳ ಕನ್ನಡ ಕೇಳಿ "ನೀನು ಆಂಧ್ರದವಳಾ?" ಅನ್ನುತ್ತಾರಂತೆ. ಇಲ್ಲಿ ನಮ್ಮನ್ನು ಕೇಳುವುದು ಒಂದು, ಅಲ್ಲಿ ಅವಳನ್ನು ಕೇಳುವುದು ಒಂದು.

ಹೋದ ವಾರ ಫೋನಿನಲ್ಲಿ "ಏನರ ಓದಾಕ ಕಳಸ್ರಿ ಸಾರ್, ಕನ್ನಡದ್ದು. ದೊಡ್ಡ ಪುಸ್ತಕ ಇರ್ಲಿ, ಲಗೂನ ಮುಗೀಬಾರ್ದು" ಅಂದಳು. ಅದಕ್ಕೇ ಟ್ರಂಕು ಇಳಿಸಿದ್ದು. ಶಿಕಾರಿ ಕೈಗೆತ್ತಿಕೊಂಡು ಮತ್ತೆ ಇಟ್ಟೆವು, ಆರು ಜನರ ರೂಮಿಗೆ ಬೇಡ. ಗಾಂಧಿ ಕ್ಲಾಸು ತೆಗೆದಿಟ್ಟಿದ್ದೇವೆ. ನಮ್ಮ ಕಡೆಯ ಮಾತು, ನಮ್ಮ ಕಡೆಯ ಜನ, ಬೈಗುಳ ಸಮೇತ. ಪೇಪರು ಸುತ್ತಿ, ದಾರ ಕಟ್ಟಿ, ನಾಳೆ ಬೆಂಗಳೂರಿಗೆ ಹೋಗುವ ಪರಿಚಯದವರೊಬ್ಬರ ಕೈಯಲ್ಲಿ ಕೊಡಬೇಕು.

ಅದರ ಜೊತೆಗೆ ಈ ನೋಟ್‌ಬುಕ್ಕನ್ನೂ ಇಡುವುದೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಅವಳದೇ ಅದು, ಕೊಡಬೇಕಾದ್ದೇ. ಒಂದು ಕಡೆ ಕೆಂಪು ಇಂಕಿನ ಮೇಲೆ ಬಿಳಿ ಹಚ್ಚೋಣ ಅನ್ನಿಸುತ್ತದೆ, ಇನ್ನೊಂದು ಕಡೆ ಅದು ಹಾಗೇ ಇರಲಿ ಅನ್ನಿಸುತ್ತದೆ. ಸದ್ಯಕ್ಕೆ ಮೇಜಿನ ಮೇಲಿದೆ. ಮನೆಯವರು ಎರಡು ಸಲ ಕೇಳಿಯಾಯಿತು, ಇದು ಯಾವ ಗುಡ್ಡೆಗೆ ಅಂತ.